ಬೇಲಿಯಿಲ್ಲದ ಮರ

ಎಲ್ಲಿಂದ ಶುರು ಮಾಡಲಿ? 'ಆದಿಯಲ್ಲಿ' ಎನ್ನೋಣವೆಂದರೆ ಆ ಪದವನ್ನು ನನಗಿಂತ ಬಹಳ ದೊಡ್ಡವನೊಬ್ಬ ಬೈಬಲ್ಲಿನಲ್ಲಿ ಮೊದಲೇ ಹಿಡಿದಿಟ್ಟುಕೊಂಡಿದ್ದಾನೆ. 'ಒಂದಾನೊಂದು ಊರಿನಲ್ಲಿ' ಎಂದರೆ ಕಾಗವಾಡದ ಕಡೆಯವರು, "ಯಾವ ಊರಲೇ, ಹೆಸರಿಲ್ಲೇನು ಅದಕ್ಕ?" ಎಂದು ಮುಗಿಬೀಳುತ್ತಾರೆ. ಇರಲಿ, ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. ಈ ಕತೆಯಲ್ಲಿ ತಪ್ಪಿಗೇನೂ ಬರವಿಲ್ಲ.

೧

ಎಂಬತ್ತೊಂಬತ್ತರ ಡಿಸೆಂಬರ್. ಕಾಗವಾಡದ ಹತ್ತಿರದ ಸಣ್ಣ ಊರಿನಲ್ಲಿ ಕ್ರೈಸ್ತರ ಪ್ರಾರ್ಥನಾಮಂದಿರ. ಕ್ರಿಸ್‌ಮಸ್ ನಾಟಕಕ್ಕೆ ಆದಾಮ, ಹವ್ವರ ಏದೆನ್ ತೋಟ ಕಟ್ಟುವ ಕೆಲಸ ದಶರಥನ ಪಾಲಿಗೆ ಬಂದಿತ್ತು. ಊರ ಸಾಹುಕಾರ ತಾತ್ಯಾಸಾಹೇಬರ ದ್ರಾಕ್ಷಿ ತೋಟದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು. ತೋಟವೆಂದರೆ ಅವನನ್ನು ಬಿಟ್ಟು ಇನ್ನಾರನ್ನು ಕರೆಯಬೇಕು? ಮಂದಿರದ ಅಂಗಳದ ನಡುವೆ ಪೇರಲದ ದೊಡ್ಡ ಟೊಂಗೆ ನೆಟ್ಟ. ದಾರದಿಂದ ಹಣ್ಣು ಕಟ್ಟಿದ. ಸುತ್ತ ಬಾಳೆಗಿಡ ನಿಲ್ಲಿಸಿದ. ಆಮೇಲೆ, ಯಾರೂ ಹೇಳದೆಯೇ, ದೇವರು ತಿನ್ನಬೇಡವೆಂದ ಆ ಮರದ ಸುತ್ತ ಎದೆಯೆತ್ತರಕ್ಕೆ ಜಾಲಿಮುಳ್ಳಿನ ಬೇಲಿ ಹಾಕಿಬಿಟ್ಟ.

ರಿಹರ್ಸಲ್ಲಿಗೆ ಹವ್ವ ಬಂದಳು. (ಹವ್ವಳ ಪಾತ್ರ ದಶರಥನ ಹೆಂಡತಿ ಸತ್ತೆವ್ವನದು. ಐವತ್ತರ ಹವ್ವಳೇ ಎಂದು ಮೂಗು ಮುರಿಯಬೇಡಿ. ಊರಿನ ಹುಡುಗಿಯರು ಯಾರೂ ಪಾಪ ಮಾಡಲು ಒಪ್ಪಲಿಲ್ಲ.) ಹಣ್ಣಿಗೆ ಕೈ ಚಾಚಿದಳು. ಮೊಣಕೈವರೆಗೂ ಮುಳ್ಳು ಗೀರಿತು.

"ಅಯ್ಯ ಯವ್ವಾ! ಇದರಾಗ ನಾ ಹೆಂಗ ಪಾಪ ಮಾಡ್ಲಿ?"

ಪಾದ್ರಿ ಸಮುವೇಲಪ್ಪನವರು ಓಡಿ ಬಂದರು. "ದಶರಥ, ಬೇಲಿ ಯಾಕ ಹಾಕೀಯಪಾ? ದೇವರು ಹಾಕಿರಲಿಲ್ಲ."

"ಹಾಕಿರಲಿಲ್ಲ?" ದಶರಥ ನಕ್ಕೇಬಿಟ್ಟ. "ತಿನಬ್ಯಾಡ ಅಂದ ಗಿಡಾ, ತೋಟದ ನಟ್ಟನಡುವ, ಬೇಲಿ ಇಲ್ಲ, ಕಾವಲಿಲ್ಲ? ಯಾವ ತೋಟದಾಂವ ಹಂಗ ಮಾಡ್ತಾನ್ರಿ ಅಯ್ಯನವರ?"

"ಬೇಲಿ ಇದ್ದಿದ್ರ ಅವರು ತಿಂತಿರಲಿಲ್ಲ, ಖರೆ. ಆದ್ರ ದೇವರ ಮಾತು ಕೇಳಿದ್ರು ಅಂತಿದ್ದಿಯೇನು? ಮುಳ್ಳಿಗೆ ಅಂಜಿದ್ರು ಅಂತಿದ್ದಿ. ದೇವರಿಗೆ ಬೇಕಾಗಿದ್ದು ಮಕ್ಕಳು, ಕಟ್ಟಿಹಾಕಿದ ಎಮ್ಮಿ ಅಲ್ಲ."

"ಅವರು ಕೆಡತಾರ ಅಂತ ಅವಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಗೊತ್ತಿದ್ದೂ ಬಿಟ್ಟ?"

"ಬಿಟ್ಟ."

ದಶರಥನ ನಗು ನಿಂತುಹೋಯಿತು. ಬಗ್ಗಿ ಮುಳ್ಳು ಕೀಳತೊಡಗಿದ.

೨ (ಹರಿದು ಹಾಕಿದ್ದು)

ಇಲ್ಲಿ ಪಾದ್ರಿಗಳ ಬಾಯಿಗೆ ಪುಟಗಟ್ಟಲೆ ಉಪದೇಶ ತುರುಕಿದ್ದೆ. ಆದಾಮನ ಪಾಪ ನಮಗೆ ಹೇಗೆ ಬಂತು, ಸರ್ಪ ಎಲ್ಲಿಂದ ಬಂತು, ಮನುಷ್ಯನ ಸ್ವಾತಂತ್ರ್ಯ ಎಂದರೇನು ಇತ್ಯಾದಿ. ಓದಿ ನೋಡಿದರೆ ನನಗೇ ಆಕಳಿಕೆ ಬಂತು. ದಶರಥನಂತೂ ಅರ್ಧದಲ್ಲೇ ಎದ್ದು ಮನೆಗೆ ಹೋಗಿದ್ದ.

೨ (ಮತ್ತೊಮ್ಮೆ)

ಮನೆಯಲ್ಲಿ ಮಗ ಮಾಳಸಿದ್ದನಿದ್ದ. ಇಪ್ಪತ್ತೈದರ ಗಂಡಾಳು, ಸಾರಾಯಿಗೆ ಬಿದ್ದವನು. ಹೋದ ಮಳೆಗಾಲದಲ್ಲಿ ರಕ್ತ ಕಾರಿದಾಗ ಡಾಕ್ಟರು ಇನ್ನೊಮ್ಮೆ ಕುಡಿದರೆ ಉಳಿಯುವುದಿಲ್ಲ ಎಂದಿದ್ದರು. ಅಂದಿನಿಂದ ದಿನಾ ಸಂಜೆ ದಶರಥ ಮಗನನ್ನು ಒಳಗೆ ಬಿಟ್ಟು ಹೊರಗಿನಿಂದ ಕೀಲಿ ಜಡಿಯುತ್ತಿದ್ದ. ಮಗ ಕುಡಿದಿರಲಿಲ್ಲ, ಬದುಕಿದ್ದ. 'ನಮ್ಮ ಹುಡುಗ ಸುಧಾರಿಸ್ಯಾನ' ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಮುಳ್ಳು ಕಿತ್ತು ಬಂದ ದಿನ ಆ ಮಾತು ಅವನಿಗೇ ಸುಳ್ಳೆನಿಸಿತು.

ನಾಟಕದ ಸಂಜೆ. ದಶರಥ ಕೀಲಿ ಹಿಡಿದು ಹೊಸ್ತಿಲ ಮೇಲೆ ಕೂತಿದ್ದಾನೆ.

"ಇಷ್ಟು ದೊಡ್ಡ ಆಕಾಶ ಮಾಡಿದಾಂವಗ ಒಂದು ಮುಳ್ಳಕಂಟಿ ಇಡಾಕ ಬರತಿರಲಿಲ್ಲೇನು?" ಎಂದ ಹೆಂಡತಿಗೆ. "ಬರತಿತ್ತು. ಆದ್ರೂ ಇಡಲಿಲ್ಲ ನೋಡು. ಎಂಥಾ ಗುಂಡಿಗಿ ಇರಬೇಕು ಅವಂದು! ನೆನಸಿದ್ರ ನನ್ನ ಮೈ ಜುಮ್ ಅಂತೈತಿ."

"ನನ್ನ ಮಗ ಸತ್ರ ಆ ಗುಂಡಿಗಿ ತಗೊಂಡು ನಾ ಏನ್ ಮಾಡ್ಲಿ?" ಸತ್ತೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳದು ತಪ್ಪಲ್ಲ.

ಕತೆ ಬರೆಯುತ್ತಿದ್ದ ನಾನು ನಡುವೆ ಬಾಯಿ ಹಾಕಿದೆ. "ಕೀಲಿ ಹಾಕಪ್ಪಾ ದಶರಥ. ಹುಡುಗ ಸತ್ತರೆ ಓದುಗರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಇಲ್ಲವೆಂದರೆ ಹೇಳು, 'ಮಾಳಸಿದ್ದ ಮತ್ತೆಂದೂ ಕುಡಿಯಲಿಲ್ಲ' ಎಂದು ಒಂದು ಸಾಲು ಬರೆದುಬಿಡುತ್ತೇನೆ."

"ಬ್ಯಾಡ್ರಿ ಸಾಹೇಬ್ರ," ಎಂದ. "ಹಂಗ ಬರದ್ರ ಅದೂ ಕೀಲೀನ ಆತಲ್ರಿ."

ನನ್ನದೇ ಪಾತ್ರ, ನಾನೇ ಹೆಸರಿಟ್ಟವನು. ಆ ಸಾಲು ಬರೆಯಲು ಎತ್ತಿದ್ದ ಪೆನ್ನು ಕೆಳಗಿಟ್ಟೆ.

ದಶರಥ ಒಳಗೆ ಹೋಗಿ ಮಗನ ಅಂಗೈಯಲ್ಲಿ ಕೀಲಿ ಇಟ್ಟ. "ನಾವು ನಾಟಕಕ್ಕ ಹೊಂಟೇವಿ. ಇನ್ನ ಮ್ಯಾಲ ಇದು ನಿನ್ನ ಕಡೆ ಇರ್ಲಿ."

ಮಾಳಸಿದ್ದ ಬೆಚ್ಚಿಬಿದ್ದ. "ನಾ ಅಂಗಡಿಗೆ ಹ್ವಾದ್ರ?"

"ಹ್ವಾದ್ರ ಅಳತೇನಿ. ಎದಿ ಬಡಕೊಂಡು ಅಳತೇನಿ. ಆದ್ರ ಕೀಲಿ ಹಾಕೂದಿಲ್ಲ."

೩, ಅಥವಾ ಎಂಡಿಂಗುಗಳು

ಒಂದು: ಮಾಳಸಿದ್ದ ಮಂದಿರಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾನೆ, ಅಪ್ಪ ತಿರುಗಿ ನೋಡುತ್ತಾನೆ. (ವಿಶೇಷಾಂಕದವರು ಕಣ್ಣು ಮುಚ್ಚಿ ಛಾಪಿಸುತ್ತಾರೆ.)

ಇನ್ನೊಂದು: ಅವನು ಸಾರಾಯಿ ಅಂಗಡಿಗೆ ಹೋಗುತ್ತಾನೆ. ಇದರ ಎರಡನೆಯ ವಾಕ್ಯ ಬರೆಯಲು ನನ್ನಿಂದ ಆಗಲಿಲ್ಲ.

ಮೊದಲನೆಯದನ್ನೇ ಇಟ್ಟುಕೊಳ್ಳೋಣವೆಂದು ಪೆನ್ನು ಹಿಡಿದೆ. ಅಷ್ಟರಲ್ಲಿ ಮಾಳಸಿದ್ದ ಚಪ್ಪಲಿ ಮೆಟ್ಟಿ ಅಂಗಳ ದಾಟಿ ದಾರಿ ಕವಲೊಡೆಯುವಲ್ಲಿಗೆ ಬಂದು ನಿಂತಿದ್ದ. ಒಂದು ಕಡೆ ಮಂದಿರದ ಹಾಡು, ಇನ್ನೊಂದು ಕಡೆ ಅಂಗಡಿಯ ಗದ್ದಲ. ಎರಡೂ ಚೆನ್ನಾಗಿ ಕೇಳಿಸುತ್ತಿದ್ದವು.

"ಎತ್ತ ಹೊಂಟೀಯಪ್ಪಾ?" ಎಂದು ಕೇಳಿದೆ.

ತಿರುಗಿ ನನ್ನನ್ನೇ ನೋಡಿದ. "ನಿಮಗ ಖರೇನ ಗೊತ್ತಿಲ್ಲೇನ್ರಿ?"

"ಇಲ್ಲ."

ಅವನು ನೆಟ್ಟಗೆ ನಿಂತುಕೊಂಡ. ಅವನು ಇಷ್ಟು ಎತ್ತರದವನೆಂದು ನಾನು ಎಲ್ಲೂ ಬರೆದಿರಲಿಲ್ಲ. ಯಾರ ಕೈಗೂ ಸಿಗದವನಂತೆ ನಿಂತಿದ್ದ ಅವನನ್ನು ಕಂಡು ನನಗೆ ಭಯವಾಯಿತು, ಕೈ ಮುಗಿಯಬೇಕೆನ್ನಿಸಿತು. ಓದುಗರೇ, ನೀವೂ ಏನೂ ಹೇಳಬೇಡಿ. ಅವನು ಹೆಜ್ಜೆಯಿಡಲು ಕಾಲೆತ್ತಿದ್ದಾನೆ.