ದೂರದ ಚಿಕ್ಕಮ್ಮನ ಮಗಳು

"ಇಲ್ಲಿ ನಾಲ್ಕು ವರ್ಷ ಏನೂ ಇಲ್ವಲ್ಲ, ಎಜೆ," ಎಂದಳು ಸಿಬ್ಬಂದಿ ವಿಭಾಗದ ಕುಲಿಪಾ, ಹೆಬ್ಬೆರಳಿಗೆ ಎಂಜಲು ಹಚ್ಚಿ ಕೆಲಸದ ಪುಸ್ತಕದ ಹಾಳೆಯನ್ನು ಇನ್ನೊಮ್ಮೆ ತಿರುವಿ. ಎರಡು ಹಾಳೆ ಅಂಟಿಕೊಂಡು ಆ ನಾಲ್ಕು ವರ್ಷ ನಡುವೆ ಎಲ್ಲೋ ಅಡಗಿದೆಯೇನೋ ಎಂದು ಬೆಳಕಿಗೂ ಹಿಡಿದು ನೋಡಿದಳು.

ಎಜೆ ಎಂದರೆ ಅಕ್ಕ; ಸೈರಕಾನ್‌ಗಿಂತ ಕಿರಿಯರೆಲ್ಲ ಅವಳನ್ನು ಕರೆಯುವುದು ಹಾಗೆ. ಆ ಹಸಿರು ರಟ್ಟಿನ ಪುಟ್ಟ ಪುಸ್ತಕದಲ್ಲಿ ಅವಳ ಇಪ್ಪತ್ಮೂರು ವರ್ಷದ ನಟನೆ ಇತ್ತು. ಸೇರಿದ ದಿನ, ಬಡ್ತಿ ಸಿಕ್ಕ ದಿನ, ಒಂದೊಂದಕ್ಕೂ ಒಂದು ದುಂಡು ಮೊಹರು. ಕೊನೆಯಲ್ಲಿ 'ಸ್ವಂತ ಇಚ್ಛೆಯಿಂದ ಬಿಟ್ಟಿದ್ದಾರೆ' ಎಂಬ ಸಾಲು. ಅದರ ಕೆಳಗೆ ಬರೀ ಗೆರೆ.

ಸ್ವಂತ ಇಚ್ಛೆಯಂತೆ! ನಾಟಕಶಾಲೆಯ ಚಾವಣಿ ಸೋರುತ್ತಿದೆ, ಆರು ತಿಂಗಳು ಮುಚ್ಚುತ್ತೇವೆ, ಅಲ್ಲಿಯವರೆಗೆ ಒಂದು ರಾಜೀನಾಮೆ ಗೀಚಿಕೊಡಿ ಎಂದು ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡವನು ಈಗ ಮೇಜಿನಾಚೆ ನಡುಗುರ್ಚಿಯಲ್ಲೇ ಕೂತಿದ್ದ. ಎಸೆನ್‌ಬೆಕ್ ಝುನುಸೊವಿಚ್. ಆಗ ಸಂಸ್ಕೃತಿ ಇಲಾಖೆಯಲ್ಲಿ ಫೈಲು ತಿರುವುವ ಸಾಹೇಬನಾಗಿದ್ದವನು ಈಗ ಅದೇ ನಾಟಕಶಾಲೆಯ ಯಜಮಾನ. ಆರು ತಿಂಗಳು ಹೋಗಿ ನಾಲ್ಕು ವರ್ಷವಾಯಿತು. ರಂಗದ ಮೇಲೆ ಸೋಫಾ, ಮಂಚ ಮಾರುವವರು ಬಾಡಿಗೆಗೆ ಬಂದು ಹೋದರು. ಅವನ ಪುಸ್ತಕದಲ್ಲಿ ಮಾತ್ರ ಒಂದು ದಿನವೂ ಖಾಲಿ ಬಿದ್ದಿರಲಿಲ್ಲ. ಇಂಥವರನ್ನು ಕಂಡರೆ ಸೈರಕಾನ್‌ಗೆ ಮೊದಲಿಂದಲೂ ಹೇಸಿಗೆ. ಒಂದು ಕುರ್ಚಿಯಿಂದ ಇನ್ನೊಂದು ಕುರ್ಚಿಗೆ ದಾಟುತ್ತಲೇ ಬಂದವರಿಗೆ ಕಾಲಡಿಯ ನೆಲ ತಣ್ಣಗಿದೆಯೋ ಬಿಸಿಯಿದೆಯೋ ಹೇಗೆ ತಿಳಿಯಬೇಕು?

ಆದರೂ ಅವಳಿಗೆ ಆ ಕೆಲಸ ಬೇಕಿತ್ತು. ಅಕ್ಟೋಬರಿನ ಹೊಸ ನಾಟಕದಲ್ಲಿ ತಾಯಿಯ ಪಾತ್ರ, ಜೊತೆಗೆ ಕಾಯಂ ನಟಿಯ ಒಂದೇ ಒಂದು ಜಾಗ. ಐವತ್ತೆರಡರಲ್ಲಿ ಇದು ತಪ್ಪಿದರೆ ಮತ್ತೆ ರಂಗ ಹತ್ತುವ ಮಾತಿಲ್ಲ. ಬೆಳಿಗ್ಗೆ ವ್ಯಾನಿನಲ್ಲಿ ಬರುವಾಗ ಇದೊಂದನ್ನು ಕೊಡು ಎಂದು ದೇವರನ್ನು ಬೇಡಿಕೊಂಡಿದ್ದಳು. ಬೇಡಿಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂದಿತ್ತು.

"ಒಂದು ವಿವರಣೆ ಬರ್ದುಕೊಡಿ. ಮನೇಲಿದ್ದೆ, ಸಂಸಾರ ನೋಡ್ಕೋತಿದ್ದೆ ಅಂತ. ಯಾರು ಕೇಳ್ತಾರೆ?" ಎಂದ ಎಸೆನ್‌ಬೆಕ್, ಕಿಟಕಿಯ ಕಡೆ ನೋಡುತ್ತ. ಬಿಳಿ ಹಾಳೆಯೊಂದನ್ನು ಬೆರಳತುದಿಯಲ್ಲಿ ಅವಳ ಕಡೆ ತಳ್ಳಿದ. ಆಮೇಲೆ, ಅದೇನೋ ಈಗಷ್ಟೇ ನೆನಪಾದವನಂತೆ, ಮೂರು ವರ್ಷಕ್ಕಿಂತ ಹೆಚ್ಚು ರಂಗ ಬಿಟ್ಟವರಿಗೆ ಕಾಯಂ ಜಾಗ ಕೊಡುವ ಹಾಗಿಲ್ಲ, ತಾನೇ ಮಾಡಿದ ನಿಯಮವನ್ನು ತಾನೇ ಮುರಿಯಲಾಗದು, ಬೇಕಿದ್ದರೆ ಕಲಿಯುವವರ ಪಟ್ಟಿಗೆ ಸೇರಿಸಬಹುದು ಎಂದ. ಆ ಪಟ್ಟಿಯಲ್ಲಿದ್ದವರಿಗೆಲ್ಲ ಇಪ್ಪತ್ತರ ಆಸುಪಾಸು.

ಮದುವೆಮನೆಗಳಲ್ಲಿ ಮೈಕು ಹಿಡಿದು ಕಿರುಚಿದ ಹಳೆಯ ಜೊತೆನಟ ತುರ್ಸುನಾಲಿ ತನ್ನ ನಾಲ್ಕು ವರ್ಷಕ್ಕೆ 'ಸೃಜನಶೀಲ ಹುಡುಕಾಟ' ಎಂದು ಬರೆದು ಒಳಗೆ ಬಂದಿದ್ದ. ಟ್ಯಾಕ್ಸಿ ಓಡಿಸಿದ ಇನ್ನೊಬ್ಬ 'ಜನಜೀವನದ ಅಧ್ಯಯನ' ಎಂದು ಬರೆದಿದ್ದ. ಇಬ್ಬರೂ ಎಸೆನ್‌ಬೆಕ್‌ನ ಚದುರಂಗದ ಜೊತೆಗಾರರು. ಅವರು ಬಂದ ದಿನ ಆ ನಿಯಮ ನಿದ್ದೆ ಮಾಡುತ್ತಿತ್ತು.

ಸೈರಕಾನ್ ಬರೆಯಲಾಗದ ಕೆಲಸ ಮಾಡಿದ್ದಳು. ಸತ್ತವರ ಮನೆಯಲ್ಲಿ ಅತ್ತಿದ್ದಳು. ಅಂಗಳದಲ್ಲಿ ಕಂಬಳಿಯ ಗುಡಾರ ಎತ್ತಿ ಹೆಣ ಮಲಗಿಸಿದ ಮೇಲೆ, ಒಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಸತ್ತವರ ಗುಣ ಹಾಡಿ ಅಳಬೇಕು. ಹೊರಗೆ ಮಗನಾದವನು ಕೋಲೂರಿ ನಿಂತು, ಬಂದವರ ಮುಂದೆ ಗೋಳಿಡಬೇಕು. ಈಗಿನ ಸೊಸೆಯರಿಗೆ ಆ ಹಾಡು ಎಲ್ಲಿಂದ ಬರಬೇಕು? ಹಾಡದಿದ್ದರೆ ನಾಲ್ಕು ಊರಲ್ಲಿ ಮರ್ಯಾದೆ ಹೋಗುತ್ತದೆ. ಹಾಗಾಗಿ ಗುಟ್ಟಾಗಿ ಸೈರಕಾನ್‌ಗೆ ಫೋನು ಬರುತ್ತಿತ್ತು. ಹೋದಲ್ಲೆಲ್ಲ ಅವಳು ದೂರದ ನೆಂಟಳು. ಒಂದು ಮನೆಯಲ್ಲಿ ನಾದಿನಿ, ಒಂದು ಮನೆಯಲ್ಲಿ ಸೋದರತ್ತೆ. ಕರೆಸಿಕೊಂಡ ಅಳು ಎಂದು ಗೊತ್ತಾದರೆ, ಹಾಡದೇ ಇದ್ದದ್ದಕ್ಕಿಂತ ದೊಡ್ಡ ಅವಮಾನ.

ಮೂರು ವರ್ಷದ ಹಿಂದೆ, ಘಟ್ಟದಾಚೆಯ ಹಳ್ಳಿಯಲ್ಲಿ, ಎಸೆನ್‌ಬೆಕ್‌ನ ತಾಯಿ ಸತ್ತಾಗ, ಅವಳು ಅವನ ಚಿಕ್ಕಮ್ಮನ ಮಗಳಾಗಿದ್ದಳು. ಅವನ ಹೆಂಡತಿ ಅಡುಗೆಮನೆಯಲ್ಲಿ ಅತ್ತೆಯ ವಿಷಯ ಅರ್ಧ ಗಂಟೆ ಉಸುರಿ, ಕಣ್ಣು ಮುಚ್ಚುವಷ್ಟು ಕಪ್ಪು ಶಾಲು ಹೊದೆಸಿ ಕೂರಿಸಿದ್ದಳು. ಹೊರಗೆ ಮಗ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಫೋನು ಹಿಡಿದು ಒಣ ಕೂಗು ಕೂಗುತ್ತಿದ್ದ. ಅವಳ ಹಾಡು ಕೇಳಿದ ಮೇಲೆಯೇ ಅವನ ದನಿ ಒಡೆದದ್ದು. ಮೂರನೆಯ ದಿನ ಜನರೆದುರಿಗೇ ಅವಳ ಕೈ ಹಿಡಿದು, "ಎಜೆ, ನೀನಿಲ್ದಿದ್ರೆ ನಮ್ಮವ್ವ ಮೂಕಳ ಹಾಗೆ ಹೋಗ್ತಿದ್ಲು," ಎಂದಿದ್ದ. ಆಮೇಲೆ ಪೇಟೆಯಲ್ಲಿ ಎದುರಾದಾಗಲೆಲ್ಲ ರಸ್ತೆ ದಾಟಿ ಆಚೆ ಹೋಗುತ್ತಿದ್ದ.

ಈಗ ಅವನು ಸಂಸಾರ ನೋಡ್ಕೋತಿದ್ದೆ ಅಂತ ಬರಿ ಎನ್ನುತ್ತಿದ್ದ. ಹಾಗೆ ಬರೆದರೆ ಜಾಗ ಹೋಯಿತು. ನಿಜ ಬರೆದರೆ ಅವನ ಮಾನ ಹೋಯಿತು, ಅದರ ಹಿಂದೆಯೇ ಜಾಗವೂ ಹೋಯಿತು. ಅತ್ತ ದರಿ, ಇತ್ತ ಪುಲಿ ಎಂದರೆ ಇದೇ.

"ಮನೇಲಿರ್ಲಿಲ್ಲ," ಎಂದಳು ಸೈರಕಾನ್. "ನಾಲ್ಕು ವರ್ಷ ಆಡ್ತಾನೇ ಇದ್ದೆ. ನಲವತ್ತೊಂದು ಕಡೆ."

"ಎಲ್ಲಿ?" ಎಂದು ತಲೆಯೆತ್ತಿದ ಆದಿಲೆತ್. ರಾಜಧಾನಿ ಬಿಷ್ಕೆಕ್‌ನಿಂದ ಬಂದ, ಆ ಹೊಸ ನಾಟಕ ಆಡಿಸಬೇಕಾದ ಹುಡುಗುಮೀಸೆಯವನು. ಅಲ್ಲಿಯವರೆಗೆ ಅವನು ಮೂಲೆಯಲ್ಲಿ ಕೂತು ಆಕಳಿಸುತ್ತಿದ್ದ.

"ಅದೆಲ್ಲ ಯಾಕೀಗ?" ಎಸೆನ್‌ಬೆಕ್‌ನ ಕಿವಿ ಕೆಂಪಾಗಿತ್ತು. "ಹಳ್ಳಿ ಕಡೆ ಏನೋ ಸಣ್ಣಪುಟ್ಟ ಹಾಡು ಕುಣಿತ. ಅದನ್ನೆಲ್ಲ ರಂಗಭೂಮಿ ಅನ್ನಕ್ಕಾಗುತ್ತಾ? ಅಲ್ವಾ ಕುಲಿಪಾ?"

ಕುಲಿಪಾ ತಲೆಯಾಡಿಸಿದಳು. ಹದಿನೆಂಟು ವರ್ಷ ಸಂಸ್ಕೃತಿ ಇಲಾಖೆಯಲ್ಲಿದ್ದು, ಅವನ ಹಿಂದೆಯೇ ಇಲ್ಲಿಗೆ ಬಂದವಳು. ಒಂದು ನಾಟಕವನ್ನೂ ಕೂತು ನೋಡಿದವಳಲ್ಲ.

ಹಾಡು ಕುಣಿತ. ಸೈರಕಾನ್‌ಗೆ ಮೈ ಉರಿಯಿತು. ಕೆಲಸ ಹೋದರೆ ಹೋಗಲಿ, ಸತ್ತ ತಾಯಿಯ ವಿಷಯದಲ್ಲೂ ಇಷ್ಟು ನಾಚಿಕೆಗೆಟ್ಟವನ ಮುಂದೆ ತಾನು ತಲೆ ತಗ್ಗಿಸಿ 'ಸಂಸಾರ' ಎಂದು ಬರೆಯುವುದೇ? ಆದಿಲೆತ್ ಏನಾದರೂ ಸ್ವಲ್ಪ ಮಾಡಿ ತೋರಿಸಿ ಎಂದ. ಅವಳು ಎದ್ದು, ಕುರ್ಚಿಯನ್ನು ತಿರುಗಿಸಿ, ಅವರಿಗೆ ಬೆನ್ನು ಹಾಕಿ, ಸುಣ್ಣ ಬಳಿದ ಗೋಡೆಗೆ ಮುಖ ಮಾಡಿ ಕೂತಳು. ಕತ್ತಿನ ಶಾಲನ್ನು ಕಣ್ಣಿನವರೆಗೆ ಎಳೆದುಕೊಂಡು, ಘಟ್ಟದಾಚೆಯ ಆ ಮನೆಯಲ್ಲಿ ಹಾಡಿದ್ದನ್ನೇ ಎತ್ತಿಕೊಂಡಳು.

"ಮುಚ್ಚಳಕ್ಕೆ ದಾರ ಕಟ್ಟಿದ ಕೆಟಲು
ಒಲೆಮ್ಯಾಲೆ ಕುದಿತೈತೆ, ಇಳಿಸೋ ಕೈ ಎಲ್ಲಿ ತಾಯೀ,
ಮಗ ಬಂದಾನಂತ ಬಟ್ಟೆ ಸುತ್ತಿಟ್ಟ ರೊಟ್ಟಿ
ಆರಿ ಕಲ್ಲಾತು, ಮುರಿಯೋ ಕೈ ಎಲ್ಲಿ ತಾಯೀ..."

ಮೊದಲ ಸಾಲು ತೆಗೆದಾಗ ಅವಳ ಎದೆಯಲ್ಲಿ ತಿರಸ್ಕಾರವೇ ತುಂಬಿತ್ತು. ನಿನ್ನ ಬಣ್ಣ ಬಯಲಾಗಲಿ ಎಂದೇ ಶುರುಮಾಡಿದ್ದಳು. ಆದರೆ ರೊಟ್ಟಿ ಬರುವ ಹೊತ್ತಿಗೆ ಎಸೆನ್‌ಬೆಕ್ ಅವಳಿಗೆ ಮರೆತೇಹೋಗಿದ್ದ. ಒಂದು ದಿನವೂ ನೋಡದ ಆ ಮುದುಕಿ ದಾರದ ಗಂಟು ಬಿಗಿಯುತ್ತ ಗೋಡೆಯೊಳಗಿಂದ ಎದ್ದು ಬಂದಂತೆ ಎದುರು ಕೂತಿದ್ದಳು. ಸೈರಕಾನ್ ಅವಳೊಬ್ಬಳಿಗಾಗಿಯೇ ಹಾಡಿ ಮುಗಿಸಿದಳು.

ತಿರುಗಿದಾಗ ಕುಲಿಪಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಇಡೀ ಇಲಾಖೆಯ ಜೊತೆ ವ್ಯಾನಿನಲ್ಲಿ ಘಟ್ಟ ಹತ್ತಿ ಹೋಗಿ, ಆ ಗುಡಾರದಲ್ಲಿ ಇದೇ ಬೆನ್ನನ್ನು ತಬ್ಬಿ ಅತ್ತಿದ್ದವಳು ಅವಳು. ಬಾಸ್ ಮನೆಯಲ್ಲಿ ಎಂಥ ಚಿಕ್ಕಮ್ಮನ ಮಗಳಿದ್ದಾಳೆ, ನಮ್ಮ ಹೆಣದ ಮುಂದೆ ಹೀಗೆ ಅಳುವವರು ಯಾರಿದ್ದಾರೆ ಎಂದು ಊರೆಲ್ಲ ಹೇಳಿಕೊಂಡು ಬಂದವಳೂ ಅವಳೇ.

"ಎಜೆ... ಅವತ್ತು..." ಎಂದು ಶುರುಮಾಡಿ, ಎಸೆನ್‌ಬೆಕ್‌ನ ಕಡೆ ನೋಡಿದಳು.

ಆದಿಲೆತ್‌ಗೆ ಇದೊಂದೂ ತಿಳಿಯಲಿಲ್ಲ. ತನಗೆ ಬೇಕಿದ್ದ ತಾಯಿ ಇವರೇ, ನಾಳೆಯಿಂದಲೇ ಬರಲಿ ಎಂದು ಅವನು ಎರಡು ಸಲ ಹೇಳಿದ. ಎಸೆನ್‌ಬೆಕ್ ಹೂಂ ಎನ್ನುವಂತೆ ತಲೆಯನ್ನಷ್ಟೇ ಒಮ್ಮೆ ಆಡಿಸಿದ.

ಸೈರಕಾನ್ ಬಿಳಿ ಹಾಳೆಯನ್ನು ಎಳೆದುಕೊಂಡು ಒಂದೇ ಸಾಲು ಬರೆದಳು: 'ನಾಲ್ಕು ವರ್ಷ ನಲವತ್ತೊಂದು ಮನೆಗೆ ನೆಂಟಳಾಗಿದ್ದೆ, ಅದರಲ್ಲಿ ಮೂರು ದಿನ ನಿಮ್ಮ ಚಿಕ್ಕಮ್ಮನ ಮಗಳು.' ಕುಲಿಪಾ ಅದನ್ನು ಓದಿದಳು. ನಾಲ್ಕು ಮಡಿಕೆ ಮಾಡಿ, ಫೈಲಿಗೆ ಸೇರಿಸದೆ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕೆಲಸದ ಪುಸ್ತಕ ತೆರೆದು, ಹೊಸ ಸಾಲಿನಲ್ಲಿ 'ಕಾಯಂ ನಟಿ' ಎಂದು ಬರೆದು, ಮೊಹರಿನ ಮೇಲೆ ಬಾಯಿಯಿಂದ ಆವಿ ಬಿಟ್ಟು, ಗಟ್ಟಿಯಾಗಿ ಒತ್ತಿದಳು.

ಎಸೆನ್‌ಬೆಕ್ ಯಾವಾಗ ಎದ್ದು ನಿಂತನೋ ಯಾರೂ ನೋಡಿರಲಿಲ್ಲ. ಕುರ್ಚಿಯ ಬೆನ್ನನ್ನು ಎರಡು ಕೈಯಲ್ಲಿ ಕೋಲಿನಂತೆ ಊರಿಕೊಂಡು, ತಲೆ ತಗ್ಗಿಸಿ ನಿಂತಿದ್ದ. ಒಳಗಿನ ಹೆಂಗಸರು ನಿಲ್ಲಿಸುವವರೆಗೆ ಹೊರಗಿನ ಮಗ ಕೂರಬಾರದು. ಸೈರಕಾನ್ ನಿಲ್ಲಿಸಿ ಆಗಲೇ ಬಹಳ ಹೊತ್ತಾಗಿತ್ತು.