ಐಸಿನ ಬೈಕಿನ ಗಾಳಿ

ಉಪ್ಪಳದ ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ಓಣಿಯಲ್ಲಿ ಮಹಮೂದನ ಮನೆ ಯಾವುದೆಂದು ಕೇಳಿದರೆ ಯಾರೂ ಗೋಡೆಯ ಬಣ್ಣ ಹೇಳುವುದಿಲ್ಲ. ಐಸಿನ ಬೈಕಿನ ಮನೆ ಎನ್ನುತ್ತಾರೆ. ಕಾರು ನಿಲ್ಲಬೇಕಾದ ಜಾಗದಲ್ಲಿ ಅಲ್ಲಿ ಸ್ನೋಮೊಬೈಲ್ ಎಂಬ ವಾಹನ ನಿಂತಿದೆ. ಮುಂದೆ ಚಕ್ರದ ಬದಲು ಎರಡು ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ನಡುವೆ ಉದ್ದನೆಯ ಮೆತ್ತಗಿನ ಸೀಟು. ಹಿಮದ ಮೇಲೆ ಓಡಲಿಕ್ಕೆ ಹುಟ್ಟಿದ್ದು, ಪಾಪ, ಈಗ ಉಪ್ಪುಗಾಳಿ ಕುಡಿಯುತ್ತಾ ಕೂತಿದೆ.

ಮಹಮೂದ್ ಗಲ್ಫಿನ ಒಂದು ಮಾಲಿನ ಒಳಗಿದ್ದ ಹಿಮದ ಪಾರ್ಕಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಹೊರಗೆ ಸುಡುಬಿಸಿಲು, ಒಳಗೆ ಹಲ್ಲು ಕಟಕಟ ಎನ್ನುವ ಚಳಿ. ಪಾರ್ಕು ಮುಚ್ಚಿದಾಗ ಬೇರೆಯವರೆಲ್ಲ ಟಿವಿ, ಫ್ರಿಜ್ಜು ಕಟ್ಟಿಕೊಂಡು ಊರಿಗೆ ಬಂದರು. ಇವನು ಎಂಜಿನ್ ಕಳಚಿದ ಈ ಗಾಡಿಯನ್ನು ಹಳೆ ಸೋಫಾಗಳ ಜೊತೆ ಕಂಟೈನರಿಗೆ ಹಾಕಿಸಿ ತಂದ. ಅದು ಅಂಗಳದಲ್ಲಿ ಇಳಿದ ದಿನ ಅವನ ಹೆಂಡತಿ ಫೌಝಿಯಾ ಹಣೆ ಹಣೆ ಚಚ್ಚಿಕೊಂಡಳು. ಅವಳು ಹೇಳಿ ಕಳಿಸಿದ್ದು ವಾಷಿಂಗ್ ಮೆಷಿನ್ನು.

ಆದರೆ ಅತ್ತೆ ಪಾತುಮ್ಮ ಅದರ ಮೇಲೆ ಒಮ್ಮೆ ಕೂತು ನೋಡಿದರು. ಅಲ್ಲಿಗೆ ಮುಗಿಯಿತು. ಕುರ್ಚಿಯಲ್ಲಿ ಸೊಂಟ ಹಿಡಿಯುತ್ತಿತ್ತು, ಮಂಚದಲ್ಲಿ ಬೇಸರ ಹಿಡಿಯುತ್ತಿತ್ತು, ಈ ಸೀಟಿನಲ್ಲಿ ಯಾವುದೂ ಇಲ್ಲ. ಮೇಲಾಗಿ ಅಲ್ಲಿ ಕೂತರೆ ಕಾಂಪೌಂಡಿನ ಆಚೆಗಿನ ಓಣಿ, ಓಣಿಯಾಚೆಯ ಮೈದಾನ, ಅದರ ಪಕ್ಕದ ಸೌದಾಮಿನಿ ಟೀಚರ ಮನೆ, ಎಲ್ಲವೂ ಕಾಣುತ್ತಿತ್ತು. ಬೆಳಗಿನ ಚಾ ಮುಗಿಸಿ ಎಲೆಯಡಿಕೆಯ ಡಬ್ಬಿ ಹಿಡಿದು ಕೂತರೆಂದರೆ ಬಿಸಿಲು ಏರುವವರೆಗೆ ಏಳುವ ಮಾತಿಲ್ಲ. ಅವರು ಆ ಸೀಟಿನಿಂದ ಕಂಡದ್ದು ಮಧ್ಯಾಹ್ನದ ಬಾಂಗಿನ ಮೊದಲು ಉಪ್ಪಳ ಪೇಟೆಯ ಮೀನು ಮಾರುಕಟ್ಟೆಗೆ ತಲುಪಿರುತ್ತಿತ್ತು.

ಈಗ ಕಷ್ಟ ಬಂದದ್ದೇ ಇಲ್ಲಿ. ಫೌಝಿಯಾ ಅದೇ ಮೈದಾನದಲ್ಲಿ ಗುಟ್ಟಾಗಿ ಸ್ಕೂಟರ್ ಕಲಿಯುತ್ತಿದ್ದಳು.

ಒಂದು ಕಿಲೋ ಮೀನಿಗೂ ಒಂದು ರೀಲು ನೂಲಿಗೂ ಕುಂಞನ ಆಟೋಗೆ ಫೋನು ಮಾಡಿ, ಅವನು ಬರುವವರೆಗೆ ಗೇಟಿನಲ್ಲಿ ಕಾದು, ಎಲ್ಲಿಗೆ ಎಂತಕ್ಕೆ ಎಂದು ಅವನಿಗೆ ವರದಿ ಒಪ್ಪಿಸಿ ಅವಳಿಗೆ ಸಾಕೋ ಸಾಕಾಗಿತ್ತು. ನಿವೃತ್ತರಾದ ಸೌದಾಮಿನಿ ಟೀಚರು ತಮ್ಮ ಸ್ಕೂಟರನ್ನೇ ಕೊಟ್ಟು, ಮೈದಾನದಲ್ಲಿ ಸುಣ್ಣದ ಪುಡಿಯಿಂದ ದೊಡ್ಡ ಎಂಟು ಬರೆದು ಕಲಿಸುತ್ತಿದ್ದರು. ಬರುವ ಬುಧವಾರ ಟೆಸ್ಟು. ಆ ಎಂಟರ ಗೆರೆಯ ಮೇಲೆ ಕಾಲು ನೆಲಕ್ಕೆ ಮುಟ್ಟಿಸದೆ ಸುತ್ತಿದರೆ ಲೈಸೆನ್ಸು, ಮುಟ್ಟಿಸಿದರೆ ಮನೆಗೆ. ಫೌಝಿಯಾ ಎಡಕ್ಕೆ ತಿರುಗುವಲ್ಲಿ ಪ್ರತಿಸಲವೂ ಮುಟ್ಟಿಸುತ್ತಿದ್ದಳು.

ಗುಟ್ಟು ಯಾಕೆಂದರೆ, ಹಿಂದೊಮ್ಮೆ ಅಂಗನವಾಡಿಯ ವಸುಮತಿ ಇವರ ಗೇಟಿನ ಎದುರೇ ಸ್ಕೂಟರಿನಿಂದ ಬಿದ್ದಾಗ ಪಾತುಮ್ಮ ಸೀಟಿನ ಮೇಲಿಂದಲೇ ತೀರ್ಪು ಕೊಟ್ಟಿದ್ದರು, ಹೆಂಗಸರಿಗೆ ಇದೆಲ್ಲ ಎಂತಕ್ಕೆ, ಆಟೋ ಇಲ್ಲವಾ ಎಂದು. ಅದನ್ನು ಫೌಝಿಯಾ ಮರೆತಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಮಹಮೂದ್ ಒಳ್ಳೆಯವನೇ, ಆದರೆ ಉಮ್ಮನ ಎದುರು ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಮನೆಯಲ್ಲಿ ಅವಳು ಹೇಳಿದ್ದು ಟೀಚರ ಮನೆಯಲ್ಲಿ ಹೆಂಗಸರ ಸಂಘ ಕುಟುಂಬಶ್ರೀಯ ಮೀಟಿಂಗ್ ಎಂದು. ದಿನಾ ಮೀಟಿಂಗ್. ಇಷ್ಟು ಮೀಟಿಂಗು ಅಸೆಂಬ್ಲಿಯಲ್ಲಿಯೂ ಇಲ್ಲ ಎಂದು ಪಾತುಮ್ಮ ಒಮ್ಮೆ ಅಂದಿದ್ದರು, ಅಷ್ಟೆ.

ಉಳಿದ ಅಡ್ಡಿ ಆ ಸೀಟಿನ ಎತ್ತರ. ನಮ್ಮ ಬೈಕುಗಳಲ್ಲಿ ಕುಲುಕಾಟ ತಡೆಯುವ ಶಾಕಿನಲ್ಲಿ ಸ್ಪ್ರಿಂಗು ಇರುತ್ತದೆ. ಐಸಿನ ಬೈಕಿನದ್ದು ಗಾಳಿಯ ಶಾಕು, ಕೊಳವೆಯೊಳಗೆ ತುಂಬಿದ ಗಾಳಿಯೇ ಭಾರ ಹೊರುತ್ತದೆ. ಗಾಳಿ ಹೊಡೆದರೆ ಸೀಟು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇದನ್ನು ಮಹಮೂದನೇ ಹೆಮ್ಮೆಯಿಂದ ಹೆಂಡತಿಗೆ ವಿವರಿಸಿದ್ದ. ಹೇಳಿದ್ದೇ ತಪ್ಪಾಯಿತು. ಬೆಳಿಗ್ಗೆ ಅಂಗಳ ಗುಡಿಸುವ ನೆವದಲ್ಲಿ ಫೌಝಿಯಾ ಗಾಡಿಯ ಬದಿಗೆ ಕುಕ್ಕುರುಗಾಲಲ್ಲಿ ಕೂತು, ತಲೆಯ ಶಾಲಿನಿಂದ ಪಿನ್ನು ತೆಗೆದು, ವಾಲ್ವಿನ ನಡುವಿನ ಕಡ್ಡಿ ಒತ್ತುತ್ತಿದ್ದಳು. ಸುಸ್ಸೆಂದು ಒಂದಿಷ್ಟು ಗಾಳಿ ಹೋಗುತ್ತಿತ್ತು. ಪಿನ್ನು ಮತ್ತೆ ಶಾಲಿಗೆ. ಆಮೇಲೆ ಬಂದು ಕೂತ ಪಾತುಮ್ಮನಿಗೆ ಕಾಣುತ್ತಿದ್ದದ್ದು ಕಾಂಪೌಂಡಿನ ಕಲ್ಲು ಮಾತ್ರ.

ಸಂಜೆ ಮಹಮೂದ್ ಪಂಪು ಹಿಡಿದು ಗಾಳಿ ತುಂಬುತ್ತಿದ್ದ, ಬೆಳಿಗ್ಗೆ ಇವಳು ತೆಗೆಯುತ್ತಿದ್ದಳು. ಗಂಡ ಹೆಂಡತಿ ಒಂದೇ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಹಂಚಿಕೊಂಡ ಮನೆ ಆ ಓಣಿಯಲ್ಲಿ ಇನ್ನೊಂದಿರಲಿಲ್ಲ.

ಅಷ್ಟರಲ್ಲಿ ಪಾತುಮ್ಮನ ಮೊಣಕಾಲು ನೋವು ಜೋರಾಯಿತು. ಸೀಟಿನಿಂದ ಇಳಿಯುವಾಗ ಯಾ ರಬ್ಬೇ ಎಂದು ನರಳತೊಡಗಿದರು. ಸೀಟು ತಗ್ಗಾದ್ದರಿಂದಲೇ ಏಳಲಿಕ್ಕೆ ಕಷ್ಟವಾಗಿ ಹೀಗಾಗುತ್ತಿದೆ, ಶಾಕ್ ಹಳತಾಗಿ ಲೀಕ್ ಆಗುತ್ತಿದೆ ಎಂದು ಮಹಮೂದ್ ಲೆಕ್ಕ ಹಾಕಿದ. ಬುಧವಾರ ಕಳೆದರೆ ಒಂದು ದಿನವೂ ಗಾಳಿ ತೆಗೆಯುವುದಿಲ್ಲ ಎಂದು ಫೌಝಿಯಾ ತನಗೆ ತಾನೇ ಹೇಳಿಕೊಂಡಳು. ಆದರೂ ಮರುದಿನ ತೆಗೆದಳು.

ಮಹಮೂದ್ ಸುಮ್ಮನೆ ಕೂರುವ ಜನವಲ್ಲ. ಹಿಮದ ದೇಶಗಳ ಸವಾರರದ್ದೊಂದು ಗುಂಪು ಅವನ ಫೋನಿನಲ್ಲಿತ್ತು. ಶಾಕ್ ಬದಲಿಸಬೇಕೋ ಬೇಡವೋ ಎಂದು ಅಲ್ಲಿ ಕೇಳಿದ. ಅವರು ಸವಾರರ ತೂಕ ಎಷ್ಟು ಎಂದು ಕೇಳಿದರು, ಇವನು ಉಮ್ಮನ ತೂಕ ಬರೆದ. ಹಿಮ ಯಾವ ಬಗೆಯದು, ಗಟ್ಟಿಯೋ ಪುಡಿಯೋ ಎಂದರು, ಇವನು ಸಿಮೆಂಟು ಎಂದ. ವೇಗ ಎಷ್ಟು ಎಂದರು, ವೇಗ ಇಲ್ಲ, ಎಲೆಯಡಿಕೆ ಉಂಟು ಎಂದ. ಅವರೂ ಬಿಡಲಿಲ್ಲ. ಹೊಸ ಮಾದರಿಯ ಗಾಳಿ ಶಾಕನ್ನೇ ಹಾಕು ಎಂದು ಒಂದು ಪಂಗಡ, ಗಾಳಿಯ ಸಹವಾಸವೇ ಬೇಡ, ಸ್ಪ್ರಿಂಗಿಗೆ ಬಾ ಎಂದು ಇನ್ನೊಂದು ಪಂಗಡ. ಯಾವುದೋ ಹಿಮದೂರಿನಲ್ಲಿ ಇಬ್ಬರು ಪಾತುಮ್ಮನ ಸೊಂಟದ ವಿಷಯಕ್ಕೆ ಮಾತುಬಿಟ್ಟರಂತೆ.

ಕೊನೆಗೆ ಮಹಮೂದ್ ಸ್ಪ್ರಿಂಗಿನ ಕಡೆಗೆ ವಾಲಿದ. ಸ್ಪ್ರಿಂಗು ಭಾರ ನಿಜ, ಆದರೆ ಓಡದ ಗಾಡಿಗೆ ಭಾರದಿಂದ ಎಂತ ನಷ್ಟ? ಇಳಿಯುವ ಭಯವಿಲ್ಲ, ಉಮ್ಮ ಶಾಶ್ವತವಾಗಿ ಎತ್ತರದಲ್ಲಿ. ಇದನ್ನು ಕೇಳಿ ಫೌಝಿಯಾಳ ಕೈಯ ಸೌಟು ಪಾತ್ರೆಯೊಳಗೆ ಬಿತ್ತು. ಸ್ಪ್ರಿಂಗಿಗೆ ವಾಲ್ವು ಇಲ್ಲ, ಪಿನ್ನು ಹೋಗುವ ಜಾಗವಿಲ್ಲ. ತಡೆಯಲಿಕ್ಕೆ ಅವಳು ಏನೆಲ್ಲ ಹೇಳಿದಳು. ಕಂಪೆನಿಯ ಸಾಮಾನು ಬದಲಿಸಬಾರದು ಎಂದಳು. ಸ್ಪ್ರಿಂಗು ಗಟ್ಟಿ, ಉಮ್ಮನ ಸೊಂಟಕ್ಕೆ ಆಗದು ಎಂದಳು. ಹೆಂಡತಿಗೆ ಇದ್ದಕ್ಕಿದ್ದಂತೆ ಶಾಕಿನ ಮೇಲೆ ಇಷ್ಟು ಆಸಕ್ತಿ ಬಂದದ್ದು ಕಂಡು ಮಹಮೂದನಿಗೆ ಖುಷಿಯೇ ಆಯಿತು. ರಾತ್ರಿ ಊಟಕ್ಕೆ ಕೂತಾಗ ಗಾಳಿಯ ಒತ್ತಡದ ಬಗ್ಗೆ ಪಾಠ ಶುರುಮಾಡಿದ, ಮೀನು ಸಾರು ತಣ್ಣಗಾಯಿತು.

ಸೋಮವಾರ ಬೆಳಿಗ್ಗೆ, ಟೆಸ್ಟಿಗೆ ಎರಡು ದಿನ ಇರುವಾಗ, ಹೆದ್ದಾರಿ ಬದಿಯ ಗ್ಯಾರೇಜಿನ ಲೋಕನಾಥ ಸ್ಪ್ರಿಂಗು ಹಿಡಿದು ಬಂದ. ಪಾತುಮ್ಮ ಚಾ ಮುಗಿಸಿ ಸೀಟಿನ ಮೇಲೆ ಕೂತೇ ಇದ್ದರು. ಬಿಚ್ಚುವ ಮೊದಲು ಲೀಕ್ ಎಲ್ಲೆಂದು ನೋಡುವ ಎಂದು ಅವನು ಸೋಪಿನ ನೀರು ತರಿಸಿ ವಾಲ್ವಿಗೆ, ಕೊಳವೆಗೆ ಹಚ್ಚಿದ. ಎಲ್ಲರೂ ಬಗ್ಗಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ.

"ಲೀಕ್ ಇಲ್ಲ ಮಾರಾಯ, ಇದನ್ನು ಯಾರೋ ತೆಗೀತಾ ಇದ್ದಾರೆ," ಎಂದ ಲೋಕನಾಥ.

ಫೌಝಿಯಾ ಚಾದ ಟ್ರೇ ಹಿಡಿದು ನಿಂತಿದ್ದಳು. ಓಣಿಯ ಮಕ್ಕಳ ಕೆಲಸವೇ ಇರಬೇಕು ಎಂದು ಮಹಮೂದ್ ಗುರುಗುಟ್ಟಿದ. ಹಾಗಾದರೆ ಸ್ಪ್ರಿಂಗೇ ಸರಿ, ಯಾರಿಗೂ ಕೈಯಾಡಿಸಲಿಕ್ಕೆ ಆಗುವುದಿಲ್ಲ ಎಂದು ಸ್ಪ್ಯಾನರಿಗೆ ಕೈ ಹಾಕಿದ. ಆಗ ಪಾತುಮ್ಮ ಬಾಯೊಳಗಿನ ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು. ಸೊಸೆಯ ಮುಖ ನೋಡಿದರು. ಆಮೇಲೆ ಅವಳ ಶಾಲಿನ ಪಿನ್ನು ನೋಡಿದರು.

"ಗಾಳಿಯೇ ಇರಲಿ. ಸ್ಪ್ರಿಂಗು ಬೇಡ," ಎಂದರು.

ಮಹಮೂದ್ ಏನೋ ಹೇಳಲು ಹೋದ. ಕೂರುವುದು ನಾನಾ ನೀನಾ ಎಂದು ಅವರು ಕೇಳಿದ ಮೇಲೆ ಸ್ಪ್ಯಾನರು ಚೀಲಕ್ಕೆ ಹೋಯಿತು. ಹಿಮದೂರಿನ ಎರಡು ಪಂಗಡ ದಿನಗಟ್ಟಲೆ ಜಗಳವಾಡಿ ಮುಗಿಸದ ವಿಷಯ ಅಲ್ಲಿಗೆ ಮುಗಿಯಿತು. ಲೋಕನಾಥ ಚಾ ಕುಡಿದು ಹೋದ.

ಮಹಮೂದ್ ಅವನನ್ನು ಬಿಟ್ಟುಬರಲು ಗೇಟಿನಾಚೆ ಹೋಗುತ್ತಲೂ ಪಾತುಮ್ಮ ಸೊಸೆಯನ್ನು ಹತ್ತಿರ ಕರೆದರು. ಫೌಝಿಯಾ ತಲೆ ತಗ್ಗಿಸಿ ಬಂದು ನಿಂತಳು. ಬೈಗುಳ ಕೇಳಲು ಅವಳು ತಯಾರಾಗಿದ್ದಳು. ಸ್ಕೂಟರನ್ನು ಮಾತ್ರ ಬಿಡುವುದಿಲ್ಲ, ಏನಾದರಾಗಲಿ ಎಂದು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

"ಎಡಕ್ಕೆ ತಿರುಗುವಾಗ ನೀನು ನೆಲ ನೋಡುತ್ತಿ. ಅದಕ್ಕೇ ಕಾಲು ಕೆಳಗೆ ಬರುವುದು," ಎಂದರು ಪಾತುಮ್ಮ.

ಫೌಝಿಯಾ ಶಾಲಿನ ಪಿನ್ನನ್ನು ಕೈಯಿಂದ ಮುಚ್ಚಿಕೊಂಡಳು.

"ನಾಳೆಯಿಂದ ಗಾಳಿ ತೆಗೆಯಬೇಡ. ಈ ಪಾದ ಇಡುವ ಪಟ್ಟಿಯ ಮೇಲೆ ನಿಂತು ನಿಂತು ನನ್ನ ಮೊಣಕಾಲು ಹೋಯಿತು."

ಮೊದಲ ದಿನ ಸೀಟು ಇಳಿದಾಗಲೇ ಪಾತುಮ್ಮ ಹ್ಯಾಂಡಲು ಹಿಡಿದು ಎದ್ದು ನಿಂತು ಗೋಡೆಯಾಚೆ ಇಣುಕಿದ್ದರು. ಕಂಡದ್ದು ಸ್ಕೂಟರಿನ ಮೇಲೆ ಸೊಸೆ. ಅಂದಿನಿಂದ ದಿನವೂ ನಿಂತೇ ನೋಡಿದ್ದರು. ಟೀಚರಿಗೆ ಇವರ ತಲೆ ಕಂಡಿತ್ತು, ಹೇಳಬೇಡ ಎಂದು ಇವರು ಕೈಸನ್ನೆ ಮಾಡಿದ್ದರು. ಸುಣ್ಣದ ಗೆರೆಯಿಂದ ಕಣ್ಣೆತ್ತದ ಫೌಝಿಯಾಳಿಗೆ ಮಾತ್ರ ಕಂಡಿರಲಿಲ್ಲ.

"ಉಮ್ಮ, ನೀವು ಯಾರಿಗೂ ಹೇಳಲಿಲ್ಲವಾ?" ಎಂದಳು, ಇದೇ ಅವಳಿಗೆ ಎಲ್ಲಕ್ಕಿಂತ ನಂಬಲಾಗದ ಸಂಗತಿ.

ಇಲ್ಲ ಎಂದು ಪಾತುಮ್ಮ ತಲೆಯಾಡಿಸಿದರು. ಮೀನಿನವಳು ಬಂದಳು, ಕುಂಞ ಬಂದ, ಎರಡು ಮದುವೆಗೆ ಹೋಗಿ ಬಂದೆ, ನಾಲಗೆ ಕಚ್ಚಿಕೊಂಡೆ ಎಂದರು. ಮೊಣಕಾಲಿನ ನೋವು ಅದರ ಮುಂದೆ ಎಂತದೂ ಅಲ್ಲ. ಮತ್ತೆ ವಸುಮತಿ ಬಿದ್ದ ದಿನ ಹಾಗೆ ಅಂದದ್ದು ಯಾಕೆ ಎಂದು ಫೌಝಿಯಾ ಕೇಳಿಯೇಬಿಟ್ಟಳು. ಅವಳಿಗೆ ಸ್ಕೂಟರು ಬಿಡಲಿಕ್ಕೆ ಬರುವುದಿಲ್ಲ, ಅದಕ್ಕೆ ಅಂದೆ, ನಿನಗೆ ಬರುತ್ತದೆ ಎಂದು ಪಾತುಮ್ಮ ಸಿಟ್ಟಿನಿಂದಲೇ ಉತ್ತರ ಕೊಟ್ಟರು. ಫೌಝಿಯಾಳ ಕಣ್ಣು ತುಂಬಿತು. ನಗುವೂ ಬಂತು. ತನ್ನ ಪಿನ್ನಿನಿಂದ ಅತ್ತೆಯ ಮೊಣಕಾಲಿಗೇ ಚುಚ್ಚಿದ ಹಾಗೆ ಅನಿಸಿ ಅವರ ಕಾಲ ಬಳಿ ಕೂತು ನೀವತೊಡಗಿದಳು. ಅದೆಲ್ಲ ಆಮೇಲೆ, ಮೊದಲು ಪಂಪು ತಾ ಎಂದರು ಪಾತುಮ್ಮ.

ಆ ದಿನ ಗಾಳಿ ಹೊಡೆದವಳು ಫೌಝಿಯಾ. ಮಹಮೂದ್ ಹೊಡೆಯುತ್ತಿದ್ದುದಕ್ಕಿಂತ ಸ್ವಲ್ಪ ಹೆಚ್ಚೇ ಹೊಡೆದಳು. ಪಾತುಮ್ಮ ಸೀಟಿನ ಮೇಲೆ ಮೆಲ್ಲಗೆ ಏರುತ್ತಾ ಗೋಡೆಯ ಕಲ್ಲು ದಾಟಿದರು, ಓಣಿ ಕಂಡಿತು, ಮೈದಾನ ಕಂಡಿತು. ನೆಲ ನೋಡಬೇಡ, ತಿರುಗುವಾಗ ನನ್ನನ್ನು ನೋಡು ಎಂದು ಹೇಳಿ ಕಳಿಸಿದರು.

ಎಡಗಡೆಯ ತಿರುವಿನಲ್ಲಿ ಫೌಝಿಯಾ ಕಣ್ಣೆತ್ತಿದಳು. ಗೋಡೆಯ ಮೇಲೆ ಅತ್ತೆ ತಲೆಗೆ ಹೊದ್ದ ಬಿಳಿ ತಟ್ಟ, ಜಗಿಯುವ ಬಾಯಿ. ಸ್ಕೂಟರು ಗೆರೆ ಬಿಡದೆ ತಿರುಗಿತು, ಕಾಲು ಮೇಲೆಯೇ ಉಳಿಯಿತು. ಟೀಚರು ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಸುತ್ತಿದಳು, ಮತ್ತೂ ಒಮ್ಮೆ ಸುತ್ತಿದಳು, ಕಾಲು ಇಳಿಯಲಿಲ್ಲ.

ಸಂಜೆ ಮಹಮೂದ್ ಪಂಪು ಹಿಡಿದು ಬಂದಾಗ ಸೀಟು ಎತ್ತರದಲ್ಲೇ ಇತ್ತು. ಶಾಕ್ ತನ್ನಿಂದ ತಾನೇ ಸರಿಯಾಯಿತು ಎಂದು ಗುಂಪಿಗೆ ಬರೆಯುತ್ತಾ ಕೂತವನ ಬಳಿ ಪಾತುಮ್ಮ ಒಂದು ಸಂಶಯ ಕೇಳಿದರು. ಬುಧವಾರ ಒಂದು ದಿನದ ಮಟ್ಟಿಗೆ, ಈ ಗಾಡಿಯನ್ನು ಪಿಕಪ್ಪಿನಲ್ಲಿ ಹಾಕಿ ಟೆಸ್ಟಿನ ಮೈದಾನಕ್ಕೆ ಕೊಂಡುಹೋಗಲಿಕ್ಕೆ ಆಗುತ್ತದಾ?