ಬಡಿಸಿದ ಕೋಣೆ

ತೆಕ್ಕಟ್ಟೆಯ ಹಳೆಯ ಹಂಚಿನ ಕಾರ್ಖಾನೆಯೊಂದು ಕಲಾ ಸಂಗ್ರಹಾಲಯವಾದ ಮೇಲೆ ಊರಿಗೆ ಆದ ಮೊದಲ ಲಾಭವೆಂದರೆ ಎದುರಿನ ಗೂಡಂಗಡಿಯಲ್ಲಿ ಸಕ್ಕರೆಯಿಲ್ಲದ ಕಪ್ಪು ಚಹಾ ಸಿಗತೊಡಗಿದ್ದು. ಎರಡನೆಯದು, 'ಕರಾವಳಿಯ ಸಮಕಾಲೀನರು' ಎಂಬ ಈ ಪ್ರದರ್ಶನ. ಬ್ರಹ್ಮಾವರದ ಒಬ್ಬ ತುಕ್ಕು ಹಿಡಿದ ಲಂಗರುಗಳನ್ನು ನೇತುಹಾಕಿದ್ದ. ಕುಂದಾಪುರದ ಒಬ್ಬಳು ಮೀನಿನ ಬಲೆಯಲ್ಲಿ ಹಳೆ ಮೊಬೈಲುಗಳನ್ನು ಹಿಡಿದಿದ್ದಳು. ಬೈಂದೂರಿನ ಚೇತನಾ ಒಂದು ಕೋಣೆಯನ್ನು ಬಡಿಸಿಟ್ಟಿದ್ದಳು.

ಹಿರಿಯರಿಗೆ ಬಡಿಸುವ ಕ್ರಮ ಅದು. ಸತ್ತವರಿಗೆ ಎಲೆ ಹಾಕಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಹೊರಗೆ ಕಾಯುವುದು. ಮತ್ತೆ ಒಳಹೋಗುವ ಮೊದಲು ಬಾಗಿಲು ಬಡಿದು, ಉಣ್ಣುತ್ತಿರುವವರಿಗೆ ಸೂಚನೆ ಕೊಡುವುದು. ಕೊನೆಗೆ, ಹರಸಿ ಹೋಗಿ ಎಂದು ಹೇಳಿ ಕಳಿಸಿಕೊಡುವುದು. ಚೇತನಾ ಸಾಲಾಗಿ ಮಣೆ ಹಾಕಿ, ಮುಂದೆ ಫೈಬರಿನ ಬಾಳೆಲೆ, ಫೈಬರಿನ ಅನ್ನ, ಫೈಬರಿನ ಕೋಳಿ ಸಾರು ಇಟ್ಟಿದ್ದಳು. ಸ್ಪೀಕರಿನಲ್ಲಿ ದೊಡ್ಡಮ್ಮ ಸರೋಜಳ ದನಿ ಒಬ್ಬೊಬ್ಬರನ್ನೇ ಕರೆಯುತ್ತಿತ್ತು: ಅಜ್ಜ ದುಗ್ಗಪ್ಪ, ಅಜ್ಜಿ ವನಜ, ಮಾವ ಗಣಪ. ಕೊನೆಗೆ, ನಿತೇಶ.

ತೊಡಕಿದ್ದದ್ದು ಆ ಕೊನೆಯ ಹೆಸರಿನಲ್ಲಿ. ಚೇತನಾಳ ತಮ್ಮ ನಿತೇಶ ಮೀನಿನ ಬೋಟಿಗೆ ಹೋದವನು ಬಂದಿರಲಿಲ್ಲ; ಬೋಟೂ ಬಂದಿರಲಿಲ್ಲ. ಅವನು ಸತ್ತನೆಂದು ಸರ್ಕಾರ ಒಪ್ಪಿ ವರ್ಷಗಳಾಗಿದ್ದವು. ತಾಯಿ ಸುಗುಣ ಒಪ್ಪಿರಲಿಲ್ಲ. "ರತ್ನಾಗಿರಿ ಬದಿಯಂಗೆ ಬದ್ಕಿ ಇದ್ದ ನನ್ ಮಗ" ಎನ್ನುತ್ತಿದ್ದಳು. ಅವನಿಗೆ ಎಲೆ ಹಾಕುವ ಮಾತೆತ್ತಿದವರಿಗೆ ಆ ಮನೆಯಲ್ಲಿ ಆ ದಿನ ಊಟವಿರಲಿಲ್ಲ. ಚೇತನಾಳಿಗೆ ಈ ಕಾಯುವಿಕೆ ಸಾಕಾಗಿತ್ತು. ಮನೆಯಲ್ಲಿ ಕರೆಯಲಾಗದ ಹೆಸರನ್ನು ಇಲ್ಲಾದರೂ ಕರೆದು, ಉಣಿಸಿ, ಕಳಿಸಿಬಿಡಬೇಕೆಂದಿದ್ದಳು. "ನಿನ್ನಬ್ಬಿಗ್ ಗೊತ್ತಾರೆ ನನ್ನ ಸೀಳಿ ಹಾಕತ್ತ್" ಎಂದು ಚೇತನಾಳ ಅಮ್ಮನಿಗೆ ಹೆದರುತ್ತಲೇ ಸರೋಜ ಹೆಸರುಗಳನ್ನೆಲ್ಲ ಫೋನಿನಲ್ಲಿ ಕರೆದು ರೆಕಾರ್ಡು ಮಾಡಿಕೊಟ್ಟಿದ್ದಳು.

ನಿತೇಶ ಯಾವ ಪದಾರ್ಥ ಬಡಿಸಿದರೂ ಕರಿಬೇವು ಹೆಕ್ಕಿ, ಬಸ್ಸಿಗೆ ಕಾಯುವವರ ಹಾಗೆ ಎಲೆಯಂಚಿಗೆ ಸಾಲು ನಿಲ್ಲಿಸುತ್ತಿದ್ದ. ಅದನ್ನೂ ಫೈಬರಿನಲ್ಲಿ ಮಾಡಬೇಕೆಂದುಕೊಂಡಿದ್ದಳು. ಕೈ ಬರಲಿಲ್ಲ.

ಸಂಗ್ರಹಾಲಯದ ಉಸ್ತುವಾರಿ ರಾಘವೇಂದ್ರ ಈ ಕಡೆಯವನೇ, ಆದರೆ ಬರೋಡಾದಲ್ಲಿ ಕಲೆ ಓದಿ ಬಂದವನು. ಕೋಣೆಯ ಹೊರಗೋಡೆಗೆ 'ಅನುಪಸ್ಥಿತಿಯ ಉಪಸ್ಥಿತಿ' ಎಂದು ಬರೆಸಿದ. ಓದಿದವರೆಲ್ಲ ತಲೆಯಾಡಿಸಿದರು, ತಲೆಯಾಡಿಸದಿದ್ದರೆ ಇನ್ನೊಂದು ಸಾಲು ಬರೆಸಿಯಾನೆಂಬ ಭಯಕ್ಕೂ ಇರಬಹುದು. ಅದರ ಕೆಳಗೆ, 'ಬಾಗಿಲು ಬಡಿದು ಒಳಬನ್ನಿ'.

ಮೊದಮೊದಲು ಜನ ನಗುತ್ತ ಬಡಿದರು, ಎಲೆಯ ಮುಂದೆ ಕುಳಿತು ಸೆಲ್ಫಿ ತೆಗೆದುಕೊಂಡರು. ಆಮೇಲೆ ಕೂರುವುದು ನಿಂತಿತು. ಕುಂಭಾಶಿಯಲ್ಲಿ ದೇವರಿಗೆ ಕೈಮುಗಿದು ಇತ್ತ ಬಂದ ಮುದುಕರೊಬ್ಬರು ಬಾಗಿಲು ತೆರೆದವರು ಹಾಗೇ ಹಿಂದೆ ಸರಿದರು.

"ಎಂತ ಆಯ್ತ್?" ಚೇತನಾ ಕೇಳಿದಳು.

"ಒಳಗ್ ಉಂಬವ್ರ್ ಇದ್ರಲೆ. ಜಾಗ ಇಲ್ಲೆ. ನಾವ್ ಮತ್ತ್ ಬತ್ತ್."

ಚೇತನಾ ಹೋಗಿ ನೋಡಿದಳು. ಮಣೆಗಳು ಖಾಲಿಯಾಗಿದ್ದವು. ಆದರೂ ಹೊರಬರುವಾಗ, ತುಂಬಿದ ಪಂಕ್ತಿಯ ಹಿಂದಿನಿಂದ ನುಸುಳುವವರ ಹಾಗೆ, ಬೆನ್ನು ಗೋಡೆಗೆ ಒತ್ತಿಕೊಂಡೇ ಬಂದಳು. ಬಂದ ಮೇಲೆ ಅದು ಅವಳ ಗಮನಕ್ಕೆ ಬಂತು.

ನಿಂತು ಸ್ಪೀಕರಿಗೆ ಕಿವಿಗೊಟ್ಟಳು. ಅಜ್ಜ, ಅಜ್ಜಿ, ಮಾವ, ನಿತೇಶ, ಮತ್ತೆ ಅಜ್ಜ.

"ರಾಘಣ್ಣ, ಕಡಿಗ್ ಒಂದ್ ಮಾತ್ ಇತ್ತಲೆ? 'ಉಂಡ್ಕಂಡ್, ಮಕ್ಳ್ ಮರಿನ್ ಹರ್ಸಿ, ಹೋಯ್ನಿ' ಅಂದೇಳಿ. ಅದ್ ಎಲ್ಲ್ ಹೋಯ್ತ್?"

"ಅದಾ? ತುಂಬ ಉದ್ದ ಆತಿತ್ತ್ ಮಾರಾಯ್ತಿ, ಕತ್ತರ್ಸಿದೆ. ಮುಕ್ತಾಯ ಇಲ್ದಿದ್ರೆ ಕೃತಿ ತೆರ್‍ಕಂಡೇ ಇರತ್ತ್."

"ಕೃತಿ ಇರ್ಲಿ. ಅವ್ರ್ ಹೋಪ್ದ್ ಹ್ಯಾಂಗೆ?"

"ಯಾರ್?"

ತಾನು ಮಧ್ಯಾಹ್ನದ ಊಟ ಮುಗಿಸಿ ಬಂದು ಆ ಮಾತನ್ನು ಮತ್ತೆ ಸೇರಿಸುತ್ತೇನೆಂದು ರಾಘವೇಂದ್ರ ಒಪ್ಪಿದ. ಅಷ್ಟರಲ್ಲಿ ಹೆದ್ದಾರಿಯಲ್ಲಿ ಬಸ್ಸು ನಿಂತು, ಸುಗುಣ ಕೈಚೀಲ ಹಿಡಿದು ಇಳಿದಳು. ಸರೋಜಳ ಹೊಟ್ಟೆಯಲ್ಲಿ ಗುಟ್ಟು ಇಷ್ಟು ದಿನ ನಿಂತದ್ದೇ ಹೆಚ್ಚು.

"ನಿನ್ ತಮ್ಮನ್ ಹೆಸ್ರ್ ಹಾಕಿದ್ಯಂಬ್ರ್, ಹೌದಾ?"

"ಅಬ್ಬೀ..."

"ಬಾಯ್ ಮುಚ್. ಬದ್ಕಿದ್ದವ ಹಾಂಗ್ ಕರ್ದ್ರೆ ಬತ್ನಾ, ಕಾಂಬ."

ಬಾಗಿಲು ಬಡಿದು, ಒಳಹೋಗಿ, ಹಿಂದಿನಿಂದ ಎಳೆದುಕೊಂಡಳು. ಹೊರಗಿನಿಂದ ಕೇಳಿದ್ದು ಸರೋಜಳ ದನಿಯೊಂದೇ, ಸುತ್ತಿ ಸುತ್ತಿ.

ಹೊರಬಂದಾಗ ಸುಗುಣಳ ಮುಖ ತಿಳಿಯಾಗಿತ್ತು. "ನಿನ್ನಜ್ಜ ಇದ್ರ್. ಅಜ್ಜಿಯೂ ಇತ್ತ್. ನನ್ ಹತ್ರ ಮಾತಾಡ್ಲಿಲ್ಲ, ಮೊದ್ಲಿಂದ್ಲೂ ಹಾಂಗೇ."

"ನಿತೇಶ?"

"ಅವ ಎಲ್ಲಿಂದ ಬತ್ತ? ರತ್ನಾಗಿರಿಯಂಗೆ ಇಪ್ಪವ." ಸುಗುಣ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕೈಚೀಲ ಹಗುರಾಗಿ ತೂಗುತ್ತಿತ್ತು.

ಚೇತನಾ ಬಾಗಿಲು ಬಡಿದಳು. ಸ್ವಲ್ಪ ಕಾದು ಒಳಹೋದಳು.

ಕೊನೆಯ ಮಣೆಯ ಮುಂದೆ ಮನೆಯ ಸ್ಟೀಲ್ ಡಬ್ಬಿ ಬಾಯ್ದೆರೆದು ಕೂತಿತ್ತು. ಬಂಗುಡೆ ಮೀನಿನ ಸುಕ್ಕದ ವಾಸನೆ. ಫೈಬರಿನ ಎಲೆಯ ಮೇಲೆ, ಬಣ್ಣದ ಅನ್ನದ ಪಕ್ಕ, ಚೊಕ್ಕವಾಗಿ ಬಿಡಿಸಿದ ಬಂಗುಡೆಯ ಮುಳ್ಳು. ಎಲೆಯಂಚಿನಲ್ಲಿ ಹಸಿರು ಕರಿಬೇವು, ಸಾಲಾಗಿ, ಬಸ್ಸಿಗೆ ಕಾಯುವವರ ಹಾಗೆ.

ಓಡಿ ಬಸ್‌ಸ್ಟ್ಯಾಂಡಿಗೆ ಬಂದಳು. ಸುಗುಣ ಅವಳತ್ತ ನೋಡದೆ ಕೇಳಿದಳು, "ಇದ್ ಎಲ್ಲಿವರಿಗ್ ಇರತ್ತ್?"

"ತಿಂಗ್ಳ್ ಕಡಿವರಿಗೆ."

"ಅಷ್ಟೇಯಾ." ಬೈಂದೂರಿನ ಬಸ್ಸು ಬಂತು. ಮೆಟ್ಟಿಲಿಗೆ ಕಾಲಿಟ್ಟ ಮೇಲೆ ತಿರುಗಿದಳು. "ನಾಳಿಗ್ ಕರಿಬೇವ್ನ್ ಸೊಪ್ ಹಾಕುದಿಲ್ಲೆ. ಅವ್ನಿಗ್ ಆತಿಲ್ಲ."

ರಾಘವೇಂದ್ರ ಲ್ಯಾಪ್‌ಟಾಪು ತೆರೆದುಕೊಂಡು ಕೋಣೆಯ ಹೊರಗೆ ಕಾಯುತ್ತಿದ್ದ. "ಹ್ವಾಯ್, ನಿನ್ ಮುಕ್ತಾಯ ಸೇರ್ಸಿದೆ. ಹಾಕ್ಲಾ?"

ಕರೆದು, ಉಣಿಸಿ, ಕಳಿಸಬೇಕೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು. ಚೇತನಾ ಮುಚ್ಚಿದ ಬಾಗಿಲನ್ನು ನೋಡಿದಳು.

"ಬೇಡ. ತಿಂಗ್ಳ್ ಕಡಿವರಿಗ್ ಹೀಂಗೇ ಇರ್ಲಿ."

"ನಾನ್ ಹೇಳ್ಲಿಲ್ಯಾ, ತೆರ್‍ಕಂಡ್ ಇದ್ರೇ ಚೆಂದ" ಎಂದ ರಾಘವೇಂದ್ರ, ಗೆದ್ದವನಂತೆ.

ಒಳಗೆ ಸರೋಜ ಕೊನೆಯ ಹೆಸರು ಕರೆದಳು. ರಾಘವೇಂದ್ರ ಮಾತು ನಿಲ್ಲಿಸದೆ, ಯಾರೋ ಪಕ್ಕದಲ್ಲಿ ಬಂದರೆಂಬಂತೆ, ಒಂದಿಷ್ಟು ಸರಿದು ದಾರಿ ಬಿಟ್ಟ.